ಕೇಳಿ ಟೀಚರ್: 21ರ ಪಟ್ಟಿ ಪಕ್ಕಕ್ಕಿಡಿ, ಮೊದಲು ಮಗುವನ್ನು ಕೂರಿಸಿ

ಕಳೆದ ಸಂಚಿಕೆಯಲ್ಲಿ ಯಾರೋ ಕೇಳಿದ್ದಕ್ಕೆ, ಅಂಗನವಾಡಿಯ ಹೊಸ್ತಿಲು ದಾಟದೆ ಮನೆಯಲ್ಲೇ ಉಳಿಯುವ ವಿಶೇಷ ಮಕ್ಕಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳನ್ನು ಸಂಪಾದಕರು ಒಂದು ಕಟ್ಟು ಮಾಡಿ ಕಳಿಸಿದ್ದಾರೆ. ಹೆಚ್ಚಿನವು ಅಂಗನವಾಡಿ ಟೀಚರುಗಳವು. ಈ ಸಲ ಬೇರೆ ಪ್ರಶ್ನೆಗಳಿಗೆ ಜಾಗವಿಲ್ಲ, ಕ್ಷಮೆಯಿರಲಿ. ಹೆಸರು ಹಾಕಬೇಡಿ ಎಂದು ಬಹುತೇಕರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ ನಾನು. ನಮ್ಮ ಓಣಿಯಲ್ಲಿ ನಾಲ್ಕು ವರ್ಷದ ಗಂಡುಮಗುವಿದೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಬಾರದಿರುವುದು) ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ತಾನಾಗಿ ಕೂರಲು ಬರುವುದಿಲ್ಲ, ಮಾತಿಲ್ಲ, ಜೊಲ್ಲು ಸುರಿಯುತ್ತದೆ. ಅವನ ತಾಯಿ ದಿನಾ ಬಂದು "ಒಂದ್ ತಾಸರ ಕುಂದ್ರಿಸ್ಕೋರಿ ಅಕ್ಕಾ" ಅಂತ ಕೇಳುತ್ತಾಳೆ. ಮೇಲಿನವರನ್ನು ಕೇಳಿದರೆ "ಯಾಕ್ ಬೇಕ್ರೀ ನಿಮಗ ಈ ಉಸಾಬರಿ, ಏನಾರ ಆದ್ರ ಯಾರು ಜವಾಬ್ದಾರಿ" ಅಂದರು. ನನಗೆ ಒಂದು ದಿನದ ತರಬೇತಿ ಆಗಿದೆ. ಅದರಲ್ಲಿ 21 ಬಗೆಯ ಅಂಗವೈಕಲ್ಯಗಳ ಹೆಸರು ಓದಿಸಿದರು, ಸಹಿ ಹಾಕಿಸಿಕೊಂಡು ಕಳಿಸಿದರು. ಈ ಮಗುವನ್ನು ಸೇರಿಸಿಕೊಳ್ಳಲೋ ಬೇಡವೋ?

ಉತ್ತರ: ಸೇರಿಸಿಕೊಳ್ಳಮ್ಮ. ಆ ತಾಯಿ ಕೇಳಿರುವ ಒಂದೇ ತಾಸಿನಿಂದ ಶುರುಮಾಡು.

ಮೊದಲು ಆ "ಯಾರು ಜವಾಬ್ದಾರಿ" ಎನ್ನುವ ಮಾತು ಮುಗಿಸಿಬಿಡೋಣ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಗಳು ಇಂಥ ಮಕ್ಕಳನ್ನು ಭೇದಭಾವವಿಲ್ಲದೆ ಸೇರಿಸಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಅಂಗನವಾಡಿಗೆಂದೇ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರ್ 28ರಂದು ಒಂದು ಮಾರ್ಗಸೂಚಿ ಹೊರಡಿಸಿದೆ, 'ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಪ್ರೋಟೋಕಾಲ್' ಅಂತ. ಅದರಲ್ಲಿ ಮೂರು ಹೆಜ್ಜೆಗಳಿವೆ: ಬೆಳವಣಿಗೆಯ ಕುಂದನ್ನು ಬೇಗ ಗುರುತಿಸುವುದು, ಮಗುವನ್ನೂ ಮನೆಯವರನ್ನೂ ಊರಿನ ಚಟುವಟಿಕೆಗಳಲ್ಲಿ ಸೇರಿಸಿಕೊಳ್ಳುವುದು, ಆಶಾ ಮತ್ತು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡದ ಮೂಲಕ ಚಿಕಿತ್ಸೆಗೆ ಕಳಿಸುವುದು. ಮಗುವನ್ನು ಬಾಗಿಲಿಂದ ವಾಪಸ್ ಕಳಿಸಿ ಎಂದು ಯಾವ ಕಾಗದದಲ್ಲೂ ಇಲ್ಲ. ಮೇಲಿನವರು ಮತ್ತೆ ಕೇಳಿದರೆ "ಬೇಡ ಅಂತ ಬರೆದುಕೊಡ್ರಿ" ಎಂದು ನಯವಾಗಿ ಹೇಳು. ಯಾರೂ ಬರೆದುಕೊಡುವುದಿಲ್ಲ.

ಇನ್ನು ಆ 21ರ ಪಟ್ಟಿ. 1995ರ ಹಳೇ ಕಾಯ್ದೆಯಲ್ಲಿ ಏಳಿದ್ದದ್ದು ಹೊಸ ಕಾಯ್ದೆಯಲ್ಲಿ 21 ಆಯಿತು. ತಲಸ್ಸೀಮಿಯಾ, ಹಿಮೋಫಿಲಿಯಾ ಎಲ್ಲವೂ ಅದರಲ್ಲಿವೆ. ಸರ್ಟಿಫಿಕೇಟು ಕೊಡುವ ಡಾಕ್ಟರಿಗೆ ಅದು ಬೇಕು, ಹಕ್ಕು ಕೇಳುವ ಕುಟುಂಬಕ್ಕೆ ಬೇಕು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಪ್ಪತ್ತು ಮಕ್ಕಳ ನಡುವೆ ನಿಂತಿರುವ ನಿನಗೆ ಅದರಿಂದ ಏನಾಗಬೇಕು? ನಿನಗೆ ಬೇಕಿರುವುದು, ಈ ಹುಡುಗ ಎಲ್ಲಿ ಕೂರಬೇಕು, ಹೇಗೆ ತಿನ್ನಬೇಕು, ಹಾಜರಿ ಕೂಗಿದಾಗ ಹೇಗೆ ಓಗೊಡಬೇಕು ಎಂಬುದು. ಅದನ್ನೇ ಹೇಳುತ್ತೇನೆ.

ಕೂರಿಸುವುದು ಮೊದಲು. ಚಾಪೆಯ ಮೇಲೆ ಅಂಗಾತ ಮಲಗಿಸಿಬಿಟ್ಟರೆ ಅವನಿಗೆ ಕಾಣುವುದು ತಾರಸಿ ಮಾತ್ರ, ಜೊಲ್ಲೂ ಗಂಟಲಿಗೇ ಇಳಿಯುತ್ತದೆ. ಎರಡು ಗೋಡೆ ಸೇರುವ ಮೂಲೆ ನೋಡು. ಆ ಮೂಲೆಗೆ ಬೆನ್ನು ಬರುವಂತೆ ಕೂರಿಸಿದರೆ ಎರಡು ಗೋಡೆಗಳೂ ಭುಜಗಳನ್ನು ಸ್ವಲ್ಪ ಮುಂದಕ್ಕೆ ತಂದು ಹಿಡಿಯುತ್ತವೆ, ಕೈಗಳು ಎದುರಿಗೆ ಬರುತ್ತವೆ. ಇದೇ ಲೆಕ್ಕದಲ್ಲಿ ಹಲಗೆಯಿಂದ ಮಾಡಿದ್ದನ್ನು ನಾವು ಮೂಲೆ ಕುರ್ಚಿ ಅನ್ನುತ್ತೇವೆ. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಕಾಲು ಸೆಟೆದುಕೊಂಡಿರುವ ಮಗುವನ್ನು ಕಾಲು ಚಾಚಿಸಿ ನೆಲದ ಮೇಲೆ ಕೂರಿಸಿದರೆ ತೊಡೆಯ ಹಿಂದಿನ ಸ್ನಾಯು ಎಳೆದು ಹಿಂದಕ್ಕೆ ವಾಲುತ್ತದೆ. ಅದಕ್ಕೇ ಗಟ್ಟಿಯಾದ ಗಿಡ್ಡ ಪೆಟ್ಟಿಗೆಯೋ ಸ್ಟೂಲೋ ಹಾಕಿ, ಮೊಣಕಾಲು ಮಡಿಸಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂತೆ ಕೂರಿಸು. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತಿದ್ದರೆ ತೊಡೆಗಳ ನಡುವೆ ಟವೆಲ್ ಸುತ್ತಿ ಇಡು. ಎದುರಿಗೆ ಒಂದು ಎತ್ತರದ ಮಣೆ, ಕೈ ಊರಲಿಕ್ಕೆ. ಇಷ್ಟಾದ ಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ಅವನನ್ನು ಒಮ್ಮೆ ನೋಡಿ ಎತ್ತರ ತಗ್ಗು ಸರಿಪಡಿಸಲಿ. ಅವರು ಬರುವ ತನಕ ಮಗು ಮಲಗಿಯೇ ಇರಲಿ ಎಂದು ಮಾತ್ರ ಅನ್ನಬೇಡ.

ಊಟದ ವಿಷಯದಲ್ಲಿ ಹುಷಾರಾಗಿರಬೇಕು. ಮಲಗಿಸಿಯೋ ತಲೆ ಹಿಂದಕ್ಕೆ ಬಗ್ಗಿಸಿಯೋ ಬಾಯಿಗೆ ಸುರಿಯುವುದು ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಅದರಿಂದ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಒಂಚೂರು ಕೆಳಗಿರಲಿ. ನೀನು ಅವನ ಎದುರಿಗೆ, ಅವನಷ್ಟೇ ಎತ್ತರದಲ್ಲಿ ಕೂರು. ಸಣ್ಣ ಚಮಚದಲ್ಲಿ ಸ್ವಲ್ಪ ಕೊಡು, ನುಂಗಿದ್ದು ನೋಡಿಯೇ ಮುಂದಿನ ತುತ್ತು. ಮೊಟ್ಟೆಯನ್ನು ಬೇಳೆ ಅನ್ನದಲ್ಲಿ ಚೆನ್ನಾಗಿ ಕಿವುಚಿ ಕೊಡಬಹುದು. ಇಂಥ ಮಕ್ಕಳಿಗೆ ನೀರು, ಹಾಲಿನಂಥ ತೆಳು ಪದಾರ್ಥವೇ ನುಂಗಲು ಹೆಚ್ಚು ಕಷ್ಟ. ಪ್ರತಿ ತುತ್ತಿಗೂ ಕೆಮ್ಮುತ್ತಿದ್ದರೆ, ತಿಂದ ಮೇಲೆ ಗಂಟಲು ಗೊರಗೊರ ಅನ್ನುತ್ತಿದ್ದರೆ, ಮೇಲಿಂದ ಮೇಲೆ ಕಫ ಜ್ವರ ಬರುತ್ತಿದ್ದರೆ ಅಂಗನವಾಡಿಯಲ್ಲಿ ತಿನ್ನಿಸುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಲು ಹೇಳು. ಮೊದಲ ವಾರ ತಿನ್ನಿಸುವುದನ್ನು ಅವನ ತಾಯಿಯಿಂದಲೇ ಕಲಿ. ನಾಲ್ಕು ವರ್ಷ ಸಾಕಿದವಳಿಗೆ ಗೊತ್ತಿರುವಷ್ಟು ನನಗೂ ನಿನಗೂ ಗೊತ್ತಿಲ್ಲ. ಊಟ ಆದಮೇಲೆ ಅರ್ಧ ಗಂಟೆ ಮಲಗಿಸಬೇಡ. ಜೊಲ್ಲನ್ನು ತುಟಿಯ ಮೇಲೆ ಉಜ್ಜಿ ಒರೆಸದೆ ಮೆತ್ತಗೆ ಒತ್ತಿ ತೆಗೆ.

ಹಾಜರಿ ಕೂಗುವಾಗ ಅವನ ಹೆಸರನ್ನೂ ಕೂಗು. ಮಾತಿಲ್ಲ ಎಂದು ಹೆಸರು ಹಾರಿಸುವ ಟೀಚರುಗಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಅವನು ನಿನ್ನತ್ತ ಕಣ್ಣು ತಿರುಗಿಸಿದರೆ ಅದೇ "ಬಂದೀನ್ರಿ". ಮಣೆಯ ಮೇಲೆ ಗಿಲಕಿ ಇಟ್ಟು, ಕೈ ತಾಗಿಸಿ ಸದ್ದು ಮಾಡಲು ಕಲಿಸಿದರೆ ಇನ್ನೂ ಒಳ್ಳೆಯದು. ಯಾವ ಹಾಡು ಬೇಕು ಎಂದು ಎರಡು ಚಿತ್ರ ಹಿಡಿದು ಕೇಳು. ಆನೆಯ ಚಿತ್ರ ನೋಡಿದನೋ, ಆನೆ ಹಾಡು. ಉಳಿದ ಮಕ್ಕಳು "ಅವಂಗೇನಾಗ್ಯದ?" ಎಂದು ಕೇಳಿಯೇ ಕೇಳುತ್ತವೆ. ಗದರಬೇಡ. "ಅವನ ಕಾಲು ಬಿಗಿ ಅದಾವ, ನಡೀಲಿಕ್ಕೆ ಬರಂಗಿಲ್ಲ, ಜ್ವರದ ಹಂಗ ಅಂಟೂದಿಲ್ಲ" ಎಂದು ಇದ್ದದ್ದನ್ನು ಹೇಳು. ಅಷ್ಟು ಸಾಕು, ಅವು ಆಟಕ್ಕೆ ಹೋಗುತ್ತವೆ.

ಸಹಾಯಕಿಗೂ ಇದನ್ನೆಲ್ಲ ತೋರಿಸು. ನಮ್ಮ ತರಬೇತಿಗಳಿಗೆ ಸಹಾಯಕಿಯರನ್ನು ಕರೆಯುವುದೇ ಅಪರೂಪ. ಮಗುವನ್ನು ಎತ್ತುವವಳು, ಬಚ್ಚಲಿಗೆ ಕರೆದೊಯ್ಯುವವಳು, ಬಡಿಸುವವಳು ಮಾತ್ರ ಅವಳೇ. ನಿನ್ನ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯು ಎನ್ನುತ್ತಾರಲ್ಲ ಅವರು. ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯು. ಅವರ ನಂಬರು ಗೋಡೆಯ ಮೇಲೆ ಬರೆದಿಟ್ಟುಕೋ. ಆರ್‌ಬಿಎಸ್‌ಕೆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ಬಂದ ದಿನ ಈ ಹುಡುಗ ಮನೆಯಲ್ಲಿರದಂತೆ ನೋಡಿಕೋ. ಅವರ ಚೀಟಿ ಹಿಡಿದು ಹೋದರೆ ಮಕ್ಕಳ ಬೆಳವಣಿಗೆಯ ಕುಂದನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾಸ್ಪತ್ರೆಯ ಡಿಇಐಸಿ ಕೇಂದ್ರದಲ್ಲಿ ಥೆರಪಿಗೆ ದಾರಿಯಾಗುತ್ತದೆ.

ತಾಯಿ ಮೊದಲ ಎರಡು ಮೂರು ವಾರ ಜೊತೆಗಿರಲಿ. ಆಮೇಲೆ ಅವಳನ್ನು ಮನೆಗೆ ಕಳಿಸು. ಮಗುವಿನ ಜೊತೆ ಕಾಯಂ ಕೂತಿರಬೇಕು ಎಂಬ ಷರತ್ತು ಹಾಕಿದರೆ ಅವಳ ಕೂಲಿ ಹೋಗುತ್ತದೆ, ನಾಲ್ಕು ದಿನಕ್ಕೆ ಮಗುವೂ ಬರುವುದು ಬಿಡುತ್ತದೆ.

ಪ್ರಶ್ನೆ: ಕಡೂರು ಕಡೆಯ ತಾಂಡಾದವಳು ನಾನು. ಮಗನಿಗೆ ಮೂರು ತುಂಬಿತು, ಇನ್ನೂ ಒಂದು ಮಾತಿಲ್ಲ. ಅಂಗನವಾಡಿಯಲ್ಲಿ ಟೀಚರ್ ಎಲ್ಲ ತಾಯಂದಿರ ಎದುರು "ಇವನಿಗೆ ಆಟಿಸಂ ಇರಬೇಕು, ಟ್ರೈನಿಂಗಲ್ಲಿ ಹೇಳಿದ್ದಾರೆ" ಅಂದುಬಿಟ್ಟರು. ಮೂರು ದಿನ ಊಟ ಸೇರಲಿಲ್ಲ. ಅತ್ತೆ "ಅವರಪ್ಪನೂ ತಡವಾಗೇ ಮಾತಾಡಿದ್ದು" ಅನ್ನುತ್ತಾರೆ. ಇನ್ನೊಬ್ಬರು ಮನೆಯಲ್ಲಿ ಲಂಬಾಣಿ ಬಿಟ್ಟು ಕನ್ನಡ ಒಂದನ್ನೇ ಮಾತಾಡಿ ಅಂತ ಹೇಳಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರದೂ ಬೇಡ ತಾಯಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಮಾತು ಬಾರದ ಮಗುವಿಗೆ ಮೊದಲು ನೋಡಬೇಕಾದದ್ದು ಕಿವಿ. "ಬಾಗಿಲು ಬಡಿದರೆ ತಿರುಗುತ್ತಾನೆ, ಕಿವಿ ಚೆನ್ನಾಗಿದೆ" ಎಂದು ಹೇಳುತ್ತಾರೆ, ಅದನ್ನು ನಂಬಬೇಡಿ. ಬಾಗಿಲಿನ ಅದುರು ಮೈಗೇ ಗೊತ್ತಾಗುತ್ತದೆ. ದಪ್ಪ ಸದ್ದು ಕೇಳಿಸುವ ಮಗುವಿಗೆ ಮಾತಿನೊಳಗಿನ 'ಸ', 'ಶ'ದಂಥ ಸಣ್ಣ ಸದ್ದು ಕೇಳಿಸದೇ ಇರಬಹುದು. ಮಗು ಉತ್ತರಿಸಬೇಕಿಲ್ಲದ ಪರೀಕ್ಷೆಗಳಿವೆ, ಓಎಇ, ಬೇರಾ ಎಂದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಜನ ಆಯಿಷ್ ಅನ್ನುತ್ತಾರೆ. ಅರಸೀಕೆರೆಯಿಂದ ಮೈಸೂರಿಗೆ ನೇರ ರೈಲಿದೆ. ಕಿವಿ, ಮಾತು, ಆಟಿಸಂ ಮೂರನ್ನೂ ಅಲ್ಲೇ ನೋಡುತ್ತಾರೆ. ಕಿವಿಯ ತೊಂದರೆ ಇರುವ ಪುಟ್ಟ ಮಕ್ಕಳಿಗೆ ಅಲ್ಲೊಂದು ಶಿಶುವಿಹಾರವಿದೆ. ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಅಷ್ಟು ದೂರ ಈಗಲೇ ಆಗದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ ಎಂದು ಕೇಳಿ ಶುರುಮಾಡಿ.

ಎರಡು ವರ್ಷಕ್ಕೆ ಮಕ್ಕಳು ಎರಡು ಪದ ಸೇರಿಸಿ ಹೇಳಬೇಕು, "ಹಾಲು ಬೇಕು" ಅನ್ನುವ ಹಾಗೆ. ಮೂರಕ್ಕೂ ಒಂದು ಮಾತಿಲ್ಲ ಅಂದರೆ ಅಪ್ಪ ಯಾವಾಗ ಮಾತಾಡಿದ್ದ ಎಂಬ ಲೆಕ್ಕ ನೋಡುತ್ತ ಕೂರುವ ಹೊತ್ತಲ್ಲ. ಲಂಬಾಣಿ ಬಿಡಬೇಡಿ. ಮನೆಯಲ್ಲಿ ಎರಡು ಭಾಷೆ ಇದ್ದದ್ದಕ್ಕೆ ಮಾತು ನಿಂತುಹೋಗುವುದಿಲ್ಲ. ನೀವು ಜೋಗುಳ ಹಾಡುವ, ಬೈಯುವ, ಮುದ್ದು ಮಾಡುವ ಭಾಷೆ ಅದು. ನಿಮಗೇ ಸರಾಗವಾಗಿ ಬಾರದ ಭಾಷೆಯಲ್ಲಿ ಮಾತಾಡಲು ಹೊರಟರೆ ಮಗುವಿನ ಕಿವಿಗೆ ಬೀಳುವ ಮಾತೇ ಕಮ್ಮಿಯಾಗುತ್ತದೆ. ಮೊಬೈಲು ಕೈಗೆ ಕೊಡುವ ಹೊತ್ತಿಗೂ ಇದೇ ಲೆಕ್ಕ.

ಈ ಉತ್ತರದ ಉಳಿದ ಭಾಗ ನಿಮ್ಮ ಟೀಚರಿಗೆ. ಅವರು ಕೆಟ್ಟವರಲ್ಲ, ತರಬೇತಿಯಲ್ಲಿ ಕಾಯಿಲೆಯ ಹೆಸರು ಹೇಳಿಕೊಟ್ಟವರು ಅದನ್ನು ತಾಯಿಗೆ ಹೇಗೆ ತಿಳಿಸಬೇಕು ಎಂಬುದನ್ನು ಹೇಳಿಕೊಟ್ಟಿಲ್ಲ. ಆಟಿಸಂ ಹೌದೋ ಅಲ್ಲವೋ ಎಂದು ನಿರ್ಧರಿಸುವುದು ತಜ್ಞರ ಕೆಲಸ. ಟೀಚರಿನ ಕೆಲಸ ಕಂಡದ್ದನ್ನು ಕಂಡ ಹಾಗೆ ಹೇಳುವುದು: "ಹೆಸರು ಹಿಡಿದು ಕರೆದರೆ ತಿರುಗಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸಲ್ಲ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗ್ತಾನೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಕೊಂಡು ಅಳ್ತಾನೆ. ಮನೆಯಲ್ಲೂ ಹೀಗೇನಾ?" ಇಷ್ಟನ್ನು ಎಲ್ಲರೂ ಹೋದಮೇಲೆ, ಕೂತು, ಮಗು ಚೆನ್ನಾಗಿ ಮಾಡುವ ಒಂದೆರಡು ಕೆಲಸ ಮೊದಲು ಹೇಳಿ, ಆಮೇಲೆ ಹೇಳಬೇಕು. ಹೇಳಿದ ಮೇಲೆ ಎಲ್ಲಿಗೆ ಹೋಗಬೇಕು, ಯಾವ ವಾರ ಹೋಗಬೇಕು, ಜೊತೆಗೆ ಆಶಾ ಬರುತ್ತಾಳೋ ಇಲ್ಲವೋ ಎಂಬುದನ್ನೂ ಹೇಳಬೇಕು. ದಾರಿ ತೋರಿಸದೆ ಬರೀ ಗುರುತಿಸಿ ಬಿಡುವುದು ಕ್ರೌರ್ಯ. ನನ್ನ ತರಬೇತಿಗಳಲ್ಲಿ ಈ ಮಾತುಕತೆಯನ್ನು ಇಬ್ಬಿಬ್ಬರು ಟೀಚರುಗಳನ್ನು ಎದುರುಬದುರು ಕೂರಿಸಿ ಆಡಿಸುತ್ತೇನೆ, ಒಬ್ಬರು ತಾಯಿ, ಒಬ್ಬರು ಟೀಚರ್. ತಾಯಿಯ ಜಾಗದಲ್ಲಿ ಕೂತವರಿಗೆ ಗಂಟಲು ಕಟ್ಟುತ್ತದೆ. ಆಮೇಲೆ ಅವರು ಇನ್ನೊಬ್ಬ ತಾಯಿಗೆ ಸಭೆಯ ನಡುವೆ ಹಾಗೆ ಹೇಳುವುದಿಲ್ಲ.

ಪ್ರಶ್ನೆ: ನಾನು ಅಂಗನವಾಡಿ ಮೇಲ್ವಿಚಾರಕಿ. ವೃತ್ತ ಸಭೆಯಲ್ಲಿ ಇಪ್ಪತ್ತೈದು ಕಾರ್ಯಕರ್ತೆಯರಿಗೆ 'ವಿಶೇಷ ಮಕ್ಕಳ ಸೇರ್ಪಡೆ' ಬಗ್ಗೆ ಒಂದು ದಿನದ ತರಬೇತಿ ಕೊಡಿ ಎಂದು ಆದೇಶ ಬಂದಿದೆ. ನಾನೇನು ಸ್ಪೆಷಲ್ ಬಿ.ಎಡ್. ಮಾಡಿದವಳಲ್ಲ. ಪಿಪಿಟಿ ಕಳಿಸಿದ್ದಾರೆ, ಓದಿದರೆ ನನಗೇ ನಿದ್ದೆ ಬರುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಆಡಿಸಿ ಎಂದು ಒಬ್ಬರು ಸಲಹೆ ಕೊಟ್ಟರು. ಏನು ಮಾಡಲಿ?

ಉತ್ತರ: ನಿದ್ದೆ ಬರುತ್ತದೆ ಎಂದು ಬರೆದಿರಲ್ಲ, ಅರ್ಧ ಗೆದ್ದಿರಿ ಮೇಡಂ.

ಬಟ್ಟೆ ಕಟ್ಟುವ ಆಟ ಬೇಡ. ಐದು ನಿಮಿಷ ಕಣ್ಣು ಮುಚ್ಚಿದವರಿಗೆ ಗಾಬರಿ ಒಂದು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಹುಟ್ಟಿನಿಂದ ಕಾಣದ ಮಗು ಬಳೆಯ ಸದ್ದಿನಲ್ಲಿ ಟೀಚರನ್ನು ಗುರುತಿಸುವುದು, ಗೋಡೆ ಸವರಿಕೊಂಡು ಬಾಗಿಲು ಹುಡುಕುವುದು ಆ ಆಟದಲ್ಲಿ ಕಾಣುವುದೇ ಇಲ್ಲ. ಬಟ್ಟೆ ಬಿಚ್ಚಿದ ಮೇಲೆ ಎಲ್ಲರೂ "ಅಯ್ಯೋ ಪಾಪ" ಎಂದು ಮನೆಗೆ ಹೋಗುತ್ತಾರೆ. ಪಾಪ ಎಂದವರು ಮಗುವಿಗೆ ಬಿಸ್ಕತ್ತು ಕೊಡುತ್ತಾರೆ, ಪಾಠ ಹೇಳುವುದಿಲ್ಲ. ಅದರ ಬದಲು ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅವರನ್ನು ಕರೆಯಿರಿ. ಅವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ಚಿಕ್ಕವರಿದ್ದಾಗ ಶಾಲೆಯಲ್ಲಿ ಯಾವುದು ಕಷ್ಟವಾಯಿತು, ಯಾವ ಟೀಚರು ಏನು ಮಾಡಿದ್ದರಿಂದ ಸುಲಭವಾಯಿತು ಎಂದು ಕೇಳಿ. ವಿಶೇಷ ಮಗುವಿನ ತಾಯಿಯೊಬ್ಬಳನ್ನೂ ಕರೆಯಿರಿ. ಅವಳಿಗೆ ಒಂದು ಗಂಟೆ ಕೊಡಿ, ನಡುವೆ ಬಾಯಿ ಹಾಕಬೇಡಿ. ಅವಳ ಬಸ್ ಚಾರ್ಜು ಕೊಡುವುದು ಮರೆಯಬೇಡಿ.

ದಿನವನ್ನು ಹೀಗೆ ಶುರುಮಾಡಿ. ಪ್ರತಿಯೊಬ್ಬರೂ ತಮ್ಮ ಮನೆಮನೆ ಸಮೀಕ್ಷೆಯ ಪುಸ್ತಕ ತೆಗೆದು, ತಮ್ಮ ವ್ಯಾಪ್ತಿಯಲ್ಲಿ ಅಂಗನವಾಡಿಗೆ ಬಾರದ ಒಂದು ಮಗುವಿನ ಹೆಸರು ಬರೆಯಲಿ. ಕಾಯಿಲೆಯ ಹೆಸರು ಬೇಡ. ಮಗು ಏನು ಮಾಡುತ್ತದೆ, ಏನು ಮಾಡಲು ಆಗುವುದಿಲ್ಲ, ಯಾಕೆ ಬರುತ್ತಿಲ್ಲ ಎಂದಷ್ಟೇ. "ನಮ್ಮಲ್ಲಿ ಅಂಥವರು ಯಾರೂ ಇಲ್ಲ ಮೇಡಂ" ಎಂದು ಐದಾರು ಜನ ಹೇಳುತ್ತಾರೆ. ಅವರಿಗಾಗಿಯೇ ಮುಂದಿನದು.

'ಹತ್ತು ಪ್ರಶ್ನೆಗಳು' ಎಂಬ ಹಳೆಯ ವಿಧಾನವಿದೆ, ಎರಡರಿಂದ ಒಂಬತ್ತು ವರ್ಷದ ಮಕ್ಕಳಿಗೆ. ಬಾಂಗ್ಲಾದೇಶ, ಪಾಕಿಸ್ತಾನ, ಜಮೈಕಾದಲ್ಲಿ ಬಳಸಿ ನೋಡಿದ್ದು. ಪರೀಕ್ಷೆ ಗಿರೀಕ್ಷೆ ಏನಿಲ್ಲ, ತಾಯಿಯನ್ನು ಕೇಳುವುದು ಅಷ್ಟೆ. ಬೇರೆ ಮಕ್ಕಳಿಗಿಂತ ಕೂರುವುದು, ನಿಲ್ಲುವುದು, ನಡೆಯುವುದು ತುಂಬ ತಡವಾಯಿತೇ? ಕಣ್ಣು ಕಾಣಲು ತೊಂದರೆ ಇದೆಯೇ, ಕಿವಿ ಕೇಳಲು? ಹೇಳಿದ್ದು ಅರ್ಥವಾಗುತ್ತದೆಯೇ? ಕೈಕಾಲಿನಲ್ಲಿ ಬಲವಿಲ್ಲವೇ? ಫಿಟ್ಸ್ ಬರುತ್ತದೆಯೇ? ಹೀಗೆ ಸಾಗುತ್ತದೆ. ಕಾರ್ಯಕರ್ತೆಯರು ಒಬ್ಬರನ್ನೊಬ್ಬರು ಕೇಳಿ ಅಭ್ಯಾಸ ಮಾಡಿದರೆ ಮುಕ್ಕಾಲು ಗಂಟೆಯಲ್ಲಿ ಕೈವಶವಾಗುತ್ತದೆ. ಇದಕ್ಕೊಂದು ಮಿತಿಯಿದೆ, ಅದನ್ನೂ ಹೇಳಿ. ಕಣ್ಣು ಕಿವಿಯ ದೋಷ ಮನೆಯವರಿಗೇ ಗೊತ್ತಿರದಿದ್ದರೆ ಈ ಪ್ರಶ್ನೆಗಳಿಗೂ ಸಿಕ್ಕಿಬೀಳುವುದಿಲ್ಲ. ಅವೆರಡನ್ನು ಆರ್‌ಬಿಎಸ್‌ಕೆ ಡಾಕ್ಟರಿಂದ ಬೇರೆಯಾಗಿ ನೋಡಿಸಬೇಕು. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಮೈಲಿಗಲ್ಲುಗಳ ಚಿತ್ರಗಳಿವೆ. ಲಸಿಕೆಯ ಪುಟ ಬಿಟ್ಟು ಆ ಪುಟವನ್ನು ಯಾರೂ ತಿರುವುವುದಿಲ್ಲ, ಅದನ್ನೂ ತೆಗೆಸಿ ನೋಡಿಸಿ.

ಮಧ್ಯಾಹ್ನ ಪೂರ್ತಿ ಒಂದೇ ಕೆಲಸ. ಅಂಗನವಾಡಿಯ ಚಟುವಟಿಕೆ ಪುಸ್ತಕ 'ಚಿಲಿಪಿಲಿ'ಯಿಂದ ನಾಳೆ ಮಾಡಿಸಬೇಕಾದ ಒಂದು ಚಟುವಟಿಕೆ ಎತ್ತಿಕೊಳ್ಳಿ. ಹಣ್ಣುಗಳ ಪಾಠ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಬರೆದ ಹೆಸರಿನ ಮಗು ಈ ಪಾಠದಲ್ಲಿ ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಎಂದು ಒಬ್ಬೊಬ್ಬರೂ ಹೇಳಲಿ. ಕಣ್ಣು ಕಾಣದ ಹುಡುಗಿಗೆ ಹಣ್ಣಿನ ಚಾರ್ಟು ತೋರಿಸಿ ಏನು ಫಲ? ನಿಜವಾದ ಬಾಳೆಹಣ್ಣು, ನಿಂಬೆಹಣ್ಣು, ಸೀಬೆಹಣ್ಣು ತನ್ನಿ, ಮುಟ್ಟಲಿ, ಮೂಸಲಿ. ಉಳಿದ ಹತ್ತೊಂಬತ್ತು ಮಕ್ಕಳಿಗೂ ಚಾರ್ಟಿಗಿಂತ ಅದೇ ಇಷ್ಟ. ಅರೆಬರೆ ಕಾಣುವ ಮಗುವಿಗೆ ಕಪ್ಪು ಬಟ್ಟೆಯ ಮೇಲೆ ಬಾಳೆಹಣ್ಣು ಇಟ್ಟರೆ ಎದ್ದು ಕಾಣುತ್ತದೆ. ಕಿವಿ ಕೇಳದ ಮಗುವನ್ನು ಅಡುಗೆಮನೆಯ ಗದ್ದಲದಿಂದ ದೂರ, ನಿಮ್ಮ ಮುಖ ಕಾಣುವಲ್ಲಿ ಕೂರಿಸಿ. ಕಿಟಕಿಗೆ ಬೆನ್ನು ಹಾಕಿ ನೀವು ನಿಂತರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ತಿಳಿಯುವುದಿಲ್ಲ. ಒಂದು ಕಡೆ ನಿಲ್ಲದೆ ಓಡುವ ಹುಡುಗನಿಗೆ ಬುಟ್ಟಿ ಕೊಟ್ಟು ಹಣ್ಣು ಹಂಚುವ ಕೆಲಸ ಕೊಡಿ. ಮುಂದೆ ಏನು ಬರುತ್ತದೆ ಎಂದು ತಿಳಿಯದೆ ಕಿರುಚಾಡುವ ಮಗುವಿಗೆ ಹಾಡು, ಆಟ, ಊಟ, ಮನೆ ಎಂದು ನಾಲ್ಕು ಚಿತ್ರ ಸಾಲಾಗಿ ಗೋಡೆಗೆ ಅಂಟಿಸಿ, ಮುಗಿದದ್ದನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಡೌನ್ ಸಿಂಡ್ರೋಮ್ ಇರುವ ಮಗು ಎಲ್ಲರೊಡನೆ ಕುಣಿಯಲಿ, ಲಾಗ ಮಾತ್ರ ಹಾಕಿಸಬೇಡಿ. ಕೆಲವು ಮಕ್ಕಳಿಗೆ ಕುತ್ತಿಗೆಯ ಮೂಳೆಯ ಕೀಲು ಸಡಿಲವಿರುತ್ತದೆ.

ಹೊರಡುವಾಗ ಒಬ್ಬೊಬ್ಬರಿಗೆ ಒಂದು ಮಗು, ಒಂದು ಬದಲಾವಣೆ. ಮುಂದಿನ ವೃತ್ತ ಸಭೆಯಲ್ಲಿ ಅರ್ಧ ಗಂಟೆ ಅದರ ಬಗ್ಗೆಯೇ ಮಾತು. ಅದರ ಮುಂದಿನ ಸಭೆಯಲ್ಲೂ. ನಡುವೆ ನೀವು ಕೇಂದ್ರಕ್ಕೆ ಭೇಟಿ ಕೊಟ್ಟಾಗ ರಿಜಿಸ್ಟರು ನೋಡುವ ಮೊದಲು ಆ ಮಗುವಿನ ಪಕ್ಕ ಹತ್ತು ನಿಮಿಷ ಕೂರಿ. ಅಂಗನವಾಡಿಯವರಿಗೆ ಕೇಂದ್ರ ಸರ್ಕಾರ ನಡೆಸುವ 'ಪೋಷಣ್ ಭಿ ಪಢಾಯಿ ಭಿ'ಯ ಮೂರು ದಿನದ ತರಬೇತಿಯಲ್ಲೂ ಈ ಮಕ್ಕಳ ವಿಷಯ ಬರುತ್ತದೆ, ಒಳ್ಳೆಯದೇ. ಆದರೆ ಸಭಾಂಗಣದಲ್ಲಿ ಕೇಳಿದ್ದು ಕೈಗೆ ಬರುವುದು ಯಾರಾದರೂ ಅಂಗನವಾಡಿಗೇ ಬಂದು, ಅದೇ ಮಗುವಿನ ಎದುರು ಒಂದು ಸಲ ಮಾಡಿ ತೋರಿಸಿದಾಗ. ಇದನ್ನು ನಾನು ಎಷ್ಟು ಅಧಿಕಾರಿಗಳಿಗೆ ಹೇಳಿ ಬಾಯಿ ನೋಯಿಸಿಕೊಂಡಿದ್ದೇನೋ! ಸಭಾಂಗಣಕ್ಕೆ, ಊಟಕ್ಕೆ, ಬ್ಯಾಗಿಗೆ ಬಜೆಟ್ಟಿದೆ, ಮರುಭೇಟಿಯ ಪೆಟ್ರೋಲಿಗೆ ಇಲ್ಲ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ತಿ. ನರಸೀಪುರದಲ್ಲಿ ಶುರುವಾದವು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ಮರುಭೇಟಿ ಮಾಡಬಲ್ಲವರು ಮೇಲ್ವಿಚಾರಕಿಯರು ಬಿಟ್ಟು ಬೇರೆ ಯಾರಿದ್ದಾರೆ ಹೇಳಿ.

ಕಾನೂನಿನ ಬಗ್ಗೆಯೂ ಯಾರಾದರೂ ಕೇಳಬಹುದು. ಉಚಿತ ಕಡ್ಡಾಯ ಶಿಕ್ಷಣದ ಹಕ್ಕು ಆರು ವರ್ಷದಿಂದ ಶುರು. 2016ರ ಕಾಯ್ದೆ ವಿಕಲಚೇತನ ಮಕ್ಕಳಿಗೆ ಕೊಡುವ ಉಚಿತ ಶಿಕ್ಷಣದ ಹಕ್ಕೂ ಆರರಿಂದ 18ರವರೆಗೆ. ಮಿದುಳು ಅತಿ ವೇಗವಾಗಿ ಬೆಳೆಯುವ, ಸ್ವಲ್ಪ ನೆರವಿಗೂ ಹೆಚ್ಚು ಫಲ ಸಿಗುವ ಮೊದಲ ಆರು ವರ್ಷಕ್ಕೇ ಕಾನೂನಿನ ಹಿಡಿತ ಸಡಿಲ. ಅಂಗನವಾಡಿ ಕೈಬಿಟ್ಟರೆ ಆ ವಯಸ್ಸಿನ ಹಳ್ಳಿಯ ಮಗುವಿಗೆ ಬೇರೆ ಜಾಗವಿಲ್ಲ.

ಪ್ರಶ್ನೆ: ನನ್ನ ಮಗಳು ಹೋಗುವ ಶಿಶುವಿಹಾರಕ್ಕೆ ಬುದ್ಧಿ ಬೆಳವಣಿಗೆ ಕಮ್ಮಿ ಇರುವ ಹುಡುಗನನ್ನು ಸೇರಿಸಿಕೊಂಡಿದ್ದಾರೆ. ಅವನ ಹಾಗೆ ಇವಳೂ ತೊದಲಲು ಶುರುಮಾಡಿದ್ದಾಳೆ. ಬೇರೆ ಕಡೆ ಸೇರಿಸಲೇ? — ಹುಬ್ಬಳ್ಳಿಯ ಒಬ್ಬ ತಂದೆ

ಉತ್ತರ: ಮನೆಯಲ್ಲಿ ಅಜ್ಜ ಕೆಮ್ಮುವುದನ್ನೂ ಅವಳು ಅಣಕಿಸಿರಬೇಕಲ್ಲ ಸರ್? ಅಜ್ಜನನ್ನು ಬೇರೆ ಕಡೆ ಕಳಿಸಿದಿರಾ? ಈ ವಯಸ್ಸಿನ ಮಕ್ಕಳು ಕಂಡದ್ದನ್ನೆಲ್ಲ ನಾಲ್ಕು ದಿನ ಆಡುತ್ತವೆ, ನೀವು ಸುಮ್ಮನಿದ್ದರೆ ಬಿಡುತ್ತವೆ. ಟೀಚರು ಆ ಹುಡುಗನಿಗಾಗಿ ಸಣ್ಣ ವಾಕ್ಯದಲ್ಲಿ, ಚಿತ್ರ ತೋರಿಸಿ, ಎರಡು ಸಲ ಹೇಳುತ್ತಿದ್ದರೆ ನಿಮ್ಮ ಮಗಳಿಗೂ ಅದು ಲಾಭವೇ. ಅವನು ಹೊಡೆದ, ಕಚ್ಚಿದ ಎಂದಿದ್ದರೆ ಬೇರೆ ಮಾತು. ಆಗ ಯಾವ ಹೊತ್ತಿನಲ್ಲಿ, ಯಾವುದಾದ ಮೇಲೆ ಹೊಡೆಯುತ್ತಾನೆ ಎಂದು ಗಮನಿಸಲು ಟೀಚರಿಗೆ ಹೇಳಿ. ಸಾಮಾನ್ಯವಾಗಿ ಗದ್ದಲ, ಹಸಿವು, ಇಲ್ಲವೇ ಬೇಕಾದ್ದನ್ನು ಹೇಳಲಾಗದ ಸಿಟ್ಟು ಕಾರಣವಾಗಿರುತ್ತದೆ.

ಪ್ರಶ್ನೆ: ನಮ್ಮ ಅಂಗನವಾಡಿಯಲ್ಲಿ ಒಂದು ಮಗುವಿಗೆ ಫಿಟ್ಸ್ ಬಂತು. ಸಹಾಯಕಿ ಓಡಿ ಹೋಗಿ ಕಬ್ಬಿಣದ ಕೀಲಿ ತಂದು ಕೈಗೆ ಕೊಟ್ಟಳು, ಅಕ್ಕಪಕ್ಕದವರು ಬಾಯಿಗೆ ಚಮಚ ತುರುಕಿದರು. ಮತ್ತೆ ಬಂದರೆ ಏನು ಮಾಡಬೇಕು? — ಚಾಮರಾಜನಗರ ಜಿಲ್ಲೆಯ ಟೀಚರ್

ಉತ್ತರ: ಕೀಲಿ ಬೇಡ, ಈರುಳ್ಳಿ ಬೇಡ, ಚಪ್ಪಲಿ ಮೂಸಿಸುವುದು ಬೇಡ. ಬಾಯಿಗಂತೂ ಏನನ್ನೂ ಹಾಕಬಾರದು. ಹಲ್ಲು ಮುರಿಯುತ್ತದೆ, ಉಸಿರು ಕಟ್ಟುತ್ತದೆ. ಗಡಿಯಾರ ನೋಡಿ, ಇದೇ ಮೊದಲ ಕೆಲಸ. ಸುತ್ತ ಇರುವ ಗಟ್ಟಿ ಸಾಮಾನು ಸರಿಸಿ, ತಲೆಯ ಕೆಳಗೆ ಮಡಿಸಿದ ಸೆರಗೋ ಟವೆಲೋ ಇಟ್ಟು, ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ, ನಿಂತು ಮತ್ತೆ ಬಂದರೆ, ಅಥವಾ ಆ ಮಗುವಿಗೆ ಅದೇ ಮೊದಲ ಸಲವಾದರೆ 108ಕ್ಕೆ ಫೋನು. ಪೂರ್ತಿ ಎಚ್ಚರ ಬರುವ ತನಕ ನೀರು ಕುಡಿಸಬೇಡಿ. ಆಮೇಲೆ ನಿದ್ದೆ ಮಾಡಿದರೆ ಮಾಡಲಿ. ಎಷ್ಟು ಹೊತ್ತು ಬಂತು, ಯಾವ ಕಡೆಯ ಕೈಕಾಲು ಅದುರಿತು ಎಂದು ಬರೆದು ತಂದೆತಾಯಿಗೆ ಕೊಡಿ. ಡಾಕ್ಟರಿಗೆ ಆ ಚೀಟಿ ತುಂಬ ಉಪಯೋಗಕ್ಕೆ ಬರುತ್ತದೆ. ನೋಡಿ ಹೆದರಿದ ಉಳಿದ ಮಕ್ಕಳನ್ನು ಸಹಾಯಕಿ ಹೊರಗೆ ಹಾಡಿಗೆ ಕರೆದೊಯ್ಯಲಿ. ಫಿಟ್ಸ್ ಇದೆ ಎಂಬ ಕಾರಣಕ್ಕೆ ಮಗುವನ್ನು ಬರಬೇಡ ಎನ್ನುವ ಹಾಗಿಲ್ಲ.

ಪ್ರಶ್ನೆ: ಪಿಯುಸಿ ಮುಗಿದಿದೆ. ಇಂಥ ಮಕ್ಕಳಿಗೆ ಕಲಿಸುವ ಟೀಚರ್ ಆಗಬೇಕೆಂಬ ಆಸೆ. ಆರು ತಿಂಗಳಲ್ಲಿ ಮನೆಯಲ್ಲೇ ಕೂತು ಡಿಪ್ಲೊಮಾ ಎಂದು ಒಂದು ಜಾಹೀರಾತು ನೋಡಿದೆ. ಸೇರಬಹುದೇ?

ಉತ್ತರ: ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳು ಮಗಳೇ: ಆರ್‌ಸಿಐ ಮಾನ್ಯತೆ ಇದೆಯೇ? ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, 1992ರ ಕಾಯ್ದೆಯಿಂದ ಬಂದದ್ದು. ಅದರ ಮಾನ್ಯತೆ ಇಲ್ಲದ ಕೋರ್ಸು ಮಾಡಿದರೆ ಸ್ಪೆಷಲ್ ಟೀಚರ್ ಎಂದು ನೋಂದಣಿ ಸಿಗುವುದಿಲ್ಲ. ಯಾವ ಊರಿನ ಯಾವ ಕಾಲೇಜಿಗೆ ಯಾವ ಕೋರ್ಸಿಗೆ ಮಾನ್ಯತೆ ಇದೆ ಎಂದು ಅವರ ಜಾಲತಾಣದಲ್ಲೇ ಪಟ್ಟಿಯಿದೆ. ಮನೆಯಲ್ಲೇ ಕೂತು ಮುಗಿಸುವ ಕೋರ್ಸಿನ ಬಗ್ಗೆ ನನಗಂತೂ ಅನುಮಾನ, ಈ ವಿದ್ಯೆ ಮಕ್ಕಳ ಜೊತೆ ನೆಲದ ಮೇಲೆ ಕೂರದೆ ಬರುವಂಥದ್ದಲ್ಲ. ಸೇರುವ ಮೊದಲು ನಿಮ್ಮೂರಿನ ಅಂಗನವಾಡಿ ಟೀಚರನ್ನು ಕೇಳಿಕೊಂಡು ಒಂದು ತಿಂಗಳು ಬೆಳಗಿನ ಹೊತ್ತು ಹೋಗಿ ಕೂತು ಬಾ. ಜೊಲ್ಲು, ಉಚ್ಚೆ, ಅಳು ಎಲ್ಲ ಕಂಡ ಮೇಲೂ ಆಸೆ ಉಳಿದಿದ್ದರೆ ಅರ್ಜಿ ಹಾಕು.

ಪ್ರಶ್ನೆ: ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಇಲ್ಲದೆ ಮಗುವನ್ನು ಅಂಗನವಾಡಿಗೆ ಸೇರಿಸಿಕೊಳ್ಳಬಹುದೇ? ಡಾಕ್ಟರ ಚೀಟಿಯಾದರೂ ಬೇಕೇ?

ಉತ್ತರ: ಎರಡೂ ಬೇಡ. ಆ ಕಾರ್ಡು ಪಿಂಚಣಿಗೆ, ಬಸ್ ಪಾಸಿಗೆ, ಸಲಕರಣೆಗೆ ಬೇಕಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ವೈಕಲ್ಯ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆಗೂ ವೈಕಲ್ಯದ ದಾಖಲೆ ಬೇಕು. ಅದನ್ನು ಮಾಡಿಸಿ. ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ತಾತ್ಕಾಲಿಕ ಪ್ರಮಾಣಪತ್ರವನ್ನೇ ಕೊಡುತ್ತಾರೆ, ಆಮೇಲೆ ಮತ್ತೆ ತೋರಿಸಬೇಕು. ಅದೆಲ್ಲ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಹೆಸರು ನಾಳೆಯೇ ಬರೆಯಬಹುದು.